ಸಾರ್ವಜನಿಕ ಧನವೂ ಶರಣೆಯರ ಆಚಾರವೂ

ದಾಸೋಹಕ್ಕೂ ಲೆಕ್ಕಕ್ಕೂ ವಿರೋಧವುಂಟೆ? ಮೇಲುನೋಟಕ್ಕೆ ಈ ಪ್ರಶ್ನೆ ಗಹನವಾದುದೆಂದು ತೋರಲಾರದು. ಆದರೆ ಶಿವಭಕ್ತನಾದ ಗೃಹಸ್ಥನ ನಿತ್ಯಜೀವನದಲ್ಲಿ ಇದು ಮತ್ತೆ ಮತ್ತೆ ಎದುರಾಗತಕ್ಕ ಪ್ರಶ್ನೆ. ಕೊಟ್ಟುದನ್ನು ಎಣಿಸುತ್ತ ಕುಳಿತವನ ಕೈಯಲ್ಲಿ ದಾಸೋಹವು ದಾನವಾಗಿ ಇಳಿದುಬಿಡುತ್ತದೆ. ದಾನದಲ್ಲಿ 'ನಾನು ಕೊಟ್ಟೆ' ಎಂಬ ಅಹಂಭಾವ ಉಳಿದಿರುವುದು. ಅಹಂಭಾವವಿರುವೆಡೆಯಲ್ಲಿ ಭೃತ್ಯಾಚಾರಕ್ಕೆ ಎಡೆಯಿಲ್ಲ. ಶಿವಶರಣರ ಅಭಿಪ್ರಾಯ ಇದೇ ಎಂಬುದರಲ್ಲಿ ಸಂಶಯವಿಲ್ಲ. ಹಾಗಾದರೆ ಬೆಳಗಿನಿಂದ ಬೈಗಿನವರೆಗೆ ಎಣಿಸುವುದನ್ನೇ ಕಾಯಕವಾಗಿ ಉಳ್ಳ ಕರಣಿಕರ ಗತಿಯೇನು? ಅವರಲ್ಲಿಯೂ ಊರಿನ, ನಾಡಿನ ಬೊಕ್ಕಸಕ್ಕೆ ಹೊಣೆಯಾಗಿ ನಿಂತವರ ಗತಿಯೇನು? ಆ ಹೊಣೆಯನ್ನು ಹೊತ್ತವಳು ಸ್ತ್ರೀಯಾಗಿದ್ದರೆ ಆಕೆಯ ಗೃಹಧರ್ಮಕ್ಕೆ ಊನವಾಗುವುದೆ?

ಮೊದಲು ಕರಣಿಕರ ಮಾತನ್ನೇ ತೆಗೆದುಕೊಳ್ಳೋಣ. ಬಸವಣ್ಣನವರು ಮಂಗಳವಾಡದಲ್ಲಿ ಮೊದಲು ಕೈಕೊಂಡುದು ಕರಣಿಕ ಕಾಯಕವನ್ನೇ ಎಂಬುದು ಹರಿಹರನ ರಗಳೆಯನ್ನು ಓದಿದವರಿಗೆಲ್ಲ ತಿಳಿದ ಸಂಗತಿ. ಮಹಾಮನೆಯಲ್ಲಿ ಅಳತೆಯಿಲ್ಲದೆ ನೀಡುತ್ತಿದ್ದ ಆ ಕೈಯೇ ಬಿಜ್ಜಳನ ಭಂಡಾರದಲ್ಲಿ ಲೆಕ್ಕ ಬರೆಯುತ್ತಿದ್ದ ಕೈ. ಭಂಡಾರಿ ಬಸವಣ್ಣನೆಂಬ ಹೆಸರನ್ನು ಲೋಕವು ಇಂದಿಗೂ ಗೌರವದಿಂದ ನುಡಿಯುತ್ತಿದೆಯಷ್ಟೆ. ಅರಸನ ಧನವನ್ನು ಜಂಗಮರಿಗೆ ಸೂರೆಗೊಡುತ್ತಿರುವನೆಂದು ಕೊಂಡೆಯ ಮಂಚಣ್ಣನು ದೂರಿದಾಗ ಭಂಡಾರವನ್ನು ಎಣಿಸಿ ನೋಡಲಾಯಿತೆಂದೂ, ಒಂದು ಹೊನ್ನೂ ಕಡಮೆಯಾಗಿರಲಿಲ್ಲವೆಂದೂ ಪುರಾಣವು ಹೇಳುತ್ತದೆ. ಇದನ್ನು ಪವಾಡವೆಂದು ಕೇಳಿ ಕೈಮುಗಿದು ಏಳುವವರೇ ಹೆಚ್ಚು. ಪವಾಡವೆಂದು ನಂಬುವವರ ಭಕ್ತಿಗೆ ನಾನು ಅಡ್ಡಬರುವವನಲ್ಲ. ಆದರೆ ಅದರಲ್ಲಿರುವ ಇನ್ನೊಂದು ಸಂಗತಿಯನ್ನು ನಮ್ಮವರು ಗಮನಿಸಿದಂತೆ ಕಾಣುವುದಿಲ್ಲ. ಬಸವಣ್ಣನವರು ಭಂಡಾರದ ಬಾಗಿಲನ್ನು ತೆರೆಯಲು ಹಿಂದೆಗೆಯಲಿಲ್ಲ. 'ನಾನು ಶಿವಭಕ್ತ, ನನ್ನನ್ನು ಪರೀಕ್ಷಿಸುವುದೆ?' ಎಂದು ಮುನಿಯಲಿಲ್ಲ. ಲೆಕ್ಕ ಒಪ್ಪಿಸುವುದು ಭಕ್ತಿಗೆ ಅಪಮಾನವೆಂದು ಅವರಿಗೆ ತೋರಲಿಲ್ಲ.

ಇದರಿಂದ ಧನವು ಎರಡು ಬಗೆಯೆಂಬುದು ಸ್ಪಷ್ಟವಾಗುತ್ತದೆ. ತಾನು ದುಡಿದು ತಂದುದನ್ನು ಗುರುಲಿಂಗಜಂಗಮಕ್ಕೆ ಸಮರ್ಪಿಸುವಾಗ ಎಣಿಕೆ ಕೂಡದು. ಹತ್ತು ಜನರ ಧನವು ತನ್ನ ವಶಕ್ಕೆ ಬಂದಿರುವಾಗ ಎಣಿಕೆಯಿಲ್ಲದೆ ಇರಕೂಡದು. ಮೊದಲನೆಯದರಲ್ಲಿ ಎಣಿಸುವುದು ಲೋಭ. ಎರಡನೆಯದರಲ್ಲಿ ಎಣಿಸದಿರುವುದು ಪರಧನಹರಣಕ್ಕೆ ದಾರಿ. ಈ ಭೇದವನ್ನು ತಲೆಕೆಳಗು ಮಾಡಿಕೊಂಡವರನ್ನು ನಾವು ದಿನವೂ ಕಾಣುತ್ತೇವೆ. ಮನೆಗೆ ಬಂದ ಜಂಗಮನಿಗೆ ಹಿಡಿಯಕ್ಕಿ ಹಾಕುವಾಗ ಬೆರಳು ಸಂದಿಯಲ್ಲಿ ಕಾಳು ಉಳಿಸಿಕೊಳ್ಳುವ ಮಹಾಶಯರೇ ಊರಿನ ಕೆಲಸಕ್ಕೆ ಬಂದ ಹಣವನ್ನು ಕಂಡಾಗ ಉದಾರಚರಿತರಾಗುವರು. 'ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ' ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಪ್ರಸಂಗವಶಾತ್ ಒಂದು ಮಾತು. 'ಗಣ' ಎಂಬ ಸಂಸ್ಕೃತ ಧಾತುವಿಗೆ ಎಣಿಸುವುದೆಂದೇ ಅರ್ಥ. ಗಣಕ, ಗಣಿತ ಎಂಬ ಶಬ್ದಗಳೂ, ಶಿವನ ಗಣಗಳೆಂದು ನಾವು ಪೂಜ್ಯಭಾವದಿಂದ ಹೇಳುವ ಶಬ್ದವೂ ಒಂದೇ ಬೇರಿನವು. ಅನ್ಯಾಯವನ್ನು ಕಂಡು ಸುಮ್ಮನಿರದೆ ನಿಲ್ಲುವುದೇ ಗಣಾಚಾರವೆನಿಸುವುದಾದರೆ, ತಪ್ಪು ಲೆಕ್ಕವನ್ನು ಕಂಡು ಸುಮ್ಮನಿರದ ಗಣಕನು ಗಣಾಚಾರದಿಂದ ಬಹಳ ದೂರದಲ್ಲಿಲ್ಲ. ಇದು ಶಬ್ದಚಮತ್ಕಾರವೆಂದು ನನ್ನ ವಿದ್ಯಾರ್ಥಿಗಳು ನಗುವರು, ನಗಲಿ.

ಈಗ ಶರಣೆಯರ ವಿಷಯ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅರಿಯದ ಲಿಂಗಾಯತ ಮನೆಯಿಲ್ಲ. ಆದರೆ ಅರಿತವರು ಅದನ್ನು ಅರ್ಧಕ್ಕೆ ನಿಲ್ಲಿಸುವರೆಂದು ನನ್ನ ಆಕ್ಷೇಪಣೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕವು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಲ್ಲಿಯೇ ಜಂಗಮದಾಸೋಹವನ್ನು ನಡೆಸುವುದು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಕದ್ದುದಲ್ಲ, ಬೇಡಿದುದಲ್ಲ, ಬಿದ್ದುದನ್ನು ಆಯ್ದುದು. ದುರುದ್ದೇಶವೂ ಇರಲಿಲ್ಲ, ಹೆಚ್ಚಿದ್ದರೆ ಹೆಚ್ಚು ಜಂಗಮರಿಗೆ ಆದೀತೆಂಬ ಭಾವ. ಲಕ್ಕಮ್ಮನು ಅದನ್ನು ನೋಡಿದೊಡನೆ, ಇದು ನಮ್ಮ ನಿತ್ಯದ ಅಳತೆಯಲ್ಲ, ಈ ಹೆಚ್ಚಳವು ನಿಮ್ಮ ಮನಸ್ಸಿನದೋ ಅಥವಾ ಕೊಟ್ಟವರ ಮನಸ್ಸಿನದೋ ಎಂದು ಕೇಳಿ, ಹೆಚ್ಚಾದುದನ್ನು ತೆಗೆದುಕೊಂಡು ಬಂದಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಮಾರಯ್ಯನು ಹೋದನು.

ಇದನ್ನು ನಾವು ನಿಷ್ಕಾಮದ ಕಥೆಯೆಂದು, ದುರಾಸೆಯ ಖಂಡನೆಯೆಂದು ಬಣ್ಣಿಸುತ್ತೇವೆ. ಸರಿಯೇ. ಆದರೆ ಆ ದಿನದ ಅಕ್ಕಿ ಹೆಚ್ಚೆಂದು ಲಕ್ಕಮ್ಮನಿಗೆ ತಿಳಿದುದು ಹೇಗೆ? ಆಕೆಯಲ್ಲಿ ಲೆಕ್ಕವಿತ್ತು. ನಿನ್ನೆ ಎಷ್ಟು, ಮೊನ್ನೆ ಎಷ್ಟು, ಇಷ್ಟು ಜನರ ಪ್ರಸಾದಕ್ಕೆ ಎಷ್ಟು ಬೇಕು ಎಂಬ ಎಣಿಕೆ ಆಕೆಯ ಕಣ್ಣಿನಲ್ಲಿಯೇ ಇತ್ತು. ಲೆಕ್ಕವಿಲ್ಲದ ಮನೆಯಲ್ಲಿ ಹೆಚ್ಚು ಬಂದುದೂ ತಿಳಿಯುವುದಿಲ್ಲ, ಕಡಮೆಯಾದುದೂ ತಿಳಿಯುವುದಿಲ್ಲ. ಲಕ್ಕಮ್ಮನ ವೈರಾಗ್ಯವು ಆಕೆಯ ಲೆಕ್ಕದ ಮೇಲೆ ನಿಂತಿದೆಯೆಂದರೆ ಅತಿಶಯೋಕ್ತಿಯಾಗದು. ಇದೇ ಮಾರಯ್ಯನು ಅನುಭವಗೋಷ್ಠಿಯಲ್ಲಿ ಕುಳಿತು ಮೈಮರೆತಾಗ, ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದವಳೂ ಆಕೆಯೇ. ಶೂನ್ಯಸಂಪಾದನೆಯು ಇವರ ಪ್ರಸಂಗಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿರುವುದು ಸುಮ್ಮನೆ ಅಲ್ಲ.

ಸತ್ಯಕ್ಕನನ್ನೂ ಇಲ್ಲಿ ನೆನೆಯಬೇಕು. ಶಿವಭಕ್ತರ ಮನೆಯಂಗಳ ಗುಡಿಸುವ ಕಾಯಕದವಳು. ದಾರಿಯಲ್ಲಿ ಹೊನ್ನೋ ವಸ್ತ್ರವೋ ಬಿದ್ದಿದ್ದರೆ ಮುಟ್ಟುವುದಿಲ್ಲವೆಂದೂ, ಲಂಚಕ್ಕೂ ವಂಚನೆಗೂ ಕೈಯೊಡ್ಡುವುದಿಲ್ಲವೆಂದೂ ಆಕೆ ತನ್ನ ಆರಾಧ್ಯನ ಮುಂದೆ ಆಣೆಯಿಟ್ಟಿರುವಳು. ಲಂಚವೆಂಬ ಶಬ್ದವು ಎಂಟು ನೂರು ವರ್ಷಗಳ ಹಿಂದೆಯೇ ಒಬ್ಬ ಕಸಗುಡಿಸುವ ಹೆಂಗಸಿನ ವಚನದಲ್ಲಿ ಬಂದಿದೆಯೆಂಬುದನ್ನು ನೆನೆದಾಗ, ಈ ರೋಗ ನಮ್ಮ ಕಾಲದಲ್ಲಿ ಹುಟ್ಟಿತೆಂದು ಪ್ರಲಾಪಿಸುವುದು ಎಷ್ಟು ಹುರುಳಿಲ್ಲದುದೆಂದು ತಿಳಿಯುತ್ತದೆ. ರೋಗವು ಹಳೆಯದು, ಮದ್ದನ್ನು ಹೇಳಿದವರೂ ಹಳಬರೇ.

ಶರಣೆಯರಲ್ಲಿ ಲೆಕ್ಕವೂ ಆಚಾರವೂ ಹೀಗೆ ಕೂಡಿದ್ದರೂ, ನಮ್ಮ ಸೀಮೆಯಲ್ಲಿ ಊರಿನ ಲೆಕ್ಕದ ಪುಸ್ತಕವು ಹೆಂಗಸರ ಕೈಗೆ ಬರಲು ಬಹುಕಾಲ ಹಿಡಿಯಿತು. ಶಾನುಭೋಗಿಕೆಯು ತಂದೆಯಿಂದ ಮಗನಿಗೆ ಇಳಿದು ಬರುವ ಹಕ್ಕಾಗಿತ್ತು. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾಗಿ, ಸರ್ಕಾರವೇ ನೇಮಿಸುವ ಗ್ರಾಮ ಲೆಕ್ಕಿಗರು ಬಂದರು. ಆ ಬಾಗಿಲು ತೆರೆದ ಮೇಲೆಯೇ ಹೆಣ್ಣುಮಕ್ಕಳೂ ಆ ಕೆಲಸಕ್ಕೆ ಬಂದುದು. ನಗರಗಳಲ್ಲಿ ಬೇರೆ ಬಗೆಯ ಮುಂದಾಳುಗಳಿದ್ದರು. ಮದರಾಸಿನ ಆರ್. ಶಿವಭೋಗಂ ಅವರು 1933ರಲ್ಲಿ ಭಾರತದ ಮೊದಲ ಮಹಿಳಾ ಲೆಕ್ಕಪರಿಶೋಧಕರಾದವರು. ಅದಕ್ಕೆ ಮೊದಲು ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆಯನ್ನು ಕಂಡಿದ್ದರು. ಸೆರೆವಾಸ ಅನುಭವಿಸಿದವರನ್ನು ಲೆಕ್ಕಪರಿಶೋಧಕರ ಪಟ್ಟಿಗೆ ಸೇರಿಸಲಾಗದೆಂಬ ನಿಯಮವು ಅಡ್ಡಬಂದಾಗ ಅದನ್ನು ಪ್ರಶ್ನಿಸಿ ತಮ್ಮ ಹಕ್ಕನ್ನು ಪಡೆದರು. ಮುಂದೆ 1955ರಿಂದ 1958ರವರೆಗೆ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯ ದಕ್ಷಿಣ ವಲಯ ಮಂಡಳಿಗೆ ಅಧ್ಯಕ್ಷರಾದರು. ದೇಶಕ್ಕಾಗಿ ಸೆರೆಗೆ ಹೋಗುವ ಮನಸ್ಸೂ, ಪೈಸೆ ಪೈಸೆಯನ್ನು ತಾಳೆ ನೋಡುವ ಮನಸ್ಸೂ ಒಂದೇ ಎದೆಯಲ್ಲಿ ಇರಬಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ನಾಡಿನದೇ ನಿದರ್ಶನ ಬೇಕೆಂದರೆ ಗುಂಡ್ಲುಪೇಟೆಯ ಕೆ. ಎಸ್. ನಾಗರತ್ನಮ್ಮನವರಿದ್ದಾರೆ. ಗುಂಡ್ಲುಪೇಟೆಯು ಆಗ ಮೈಸೂರು ಜಿಲ್ಲೆಗೆ ಸೇರಿದ ತಾಲ್ಲೂಕು. ಚಾಮರಾಜನಗರ ಜಿಲ್ಲೆಯಾದುದು 1997ರಲ್ಲಿ. ಅಲ್ಲಿಂದ ಅವರು 1957ರಲ್ಲಿ ಮೊದಲ ಬಾರಿಗೆ ವಿಧಾನಸಭೆಗೆ ಆಯ್ಕೆಯಾದರು; ಒಟ್ಟು ಏಳು ಸಲ ಆ ಕ್ಷೇತ್ರದ ಜನ ಅವರನ್ನು ಆರಿಸಿ ಕಳುಹಿಸಿದರು. 1972ರಿಂದ 1978ರವರೆಗೆ ಸಭಾಧ್ಯಕ್ಷರಾಗಿದ್ದರು. ಆ ಪೀಠದಲ್ಲಿ ಅವರಿಗಿಂತ ಮೊದಲು ಸ್ತ್ರೀಯೊಬ್ಬರು ಕುಳಿತಿರಲಿಲ್ಲ. ಅವರ ತರುವಾಯ ಇಂದಿನವರೆಗೂ ಕುಳಿತಿಲ್ಲ. ಮೈಸೂರು ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕವೆಂಬ ಹೆಸರು ಬಂದುದೂ, ಹುಣಸೂರಿನ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಉಳುವವನಿಗೆ ಭೂಮಿಯೊಡೆತನ ಕೊಡುವ 1974ರ ತಿದ್ದುಪಡಿ ಜಾರಿಗೆ ಬಂದುದೂ ಅವರ ಅಧ್ಯಕ್ಷತೆಯ ಕಾಲದಲ್ಲಿ. ಆ ತಿದ್ದುಪಡಿಯಿಂದ ಎಷ್ಟೋ ಮನೆಗಳ ಭೂಮಿ ಕೈಬದಲಾಯಿತು. ನಮ್ಮ ಓದುಗರಲ್ಲಿ ಪಡೆದವರೂ ಇರಬಹುದು, ಕಳೆದುಕೊಂಡವರೂ ಇರಬಹುದು. ಮುಂದೆ ಅವರು ವಿರೋಧಪಕ್ಷದ ನಾಯಕತ್ವವನ್ನೂ ಮಂತ್ರಿಪದವಿಯನ್ನೂ ನಿರ್ವಹಿಸಿ 1993ರಲ್ಲಿ ಲಿಂಗೈಕ್ಯರಾದರು.

ಸಭಾಧ್ಯಕ್ಷಪೀಠದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಏಕೆಂದರೆ ಅಲ್ಲಿ ಕುಳಿತವರು ಸುತ್ತಿಗೆಯಿಂದ ಮೇಜು ಬಡಿಯುವರೆಂದಷ್ಟೇ ಬಹಳ ಜನ ತಿಳಿದಿರುವರು. ನಮ್ಮ ಸಂವಿಧಾನದ ಪ್ರಕಾರ ಶಾಸನಸಭೆಯು ಕಾನೂನಿನ ಮೂಲಕ ಒಪ್ಪದೆ ರಾಜ್ಯದ ಸಂಚಿತ ನಿಧಿಯಿಂದ ಒಂದು ಪೈಸೆಯನ್ನೂ ತೆಗೆಯುವಂತಿಲ್ಲ. ಒಂದು ಮಸೂದೆಯು ಹಣಕಾಸಿನ ಮಸೂದೆ ಹೌದೋ ಅಲ್ಲವೋ ಎಂದು ನಿರ್ಣಯಿಸಿ ಪ್ರಮಾಣಪತ್ರ ಬರೆಯುವ ಅಧಿಕಾರ ಸಭಾಧ್ಯಕ್ಷರದು. ಸಭೆಯಲ್ಲಿ ಮತ ಹಾಕುವ ಅಧಿಕಾರವು ಅವರಿಗೆ ಸಾಮಾನ್ಯವಾಗಿ ಇಲ್ಲ. ಎರಡು ಪಕ್ಷದ ಮತಗಳೂ ಸಮವಾದಾಗ ಮಾತ್ರ ತಮ್ಮ ನಿರ್ಣಾಯಕ ಮತವನ್ನು ಚಲಾಯಿಸಬೇಕು. ಲೆಕ್ಕಪರಿಶೋಧಕರ ವರದಿಯು ರಾಜ್ಯಪಾಲರ ಮೂಲಕ ಬಂದು ನಿಲ್ಲುವುದೂ ಶಾಸನಸಭೆಯ ಮುಂದೆಯೇ. ಎಲ್ಲವನ್ನೂ ಕೇಳಬೇಕು, ಯಾರ ಕಡೆಗೂ ವಾಲಬಾರದು, ತಕ್ಕಡಿ ನಡುವೆ ನಿಂತಾಗ ಮಾತ್ರ ತೂಕದ ಕಲ್ಲನ್ನು ಇಡಬೇಕು. ಇದು ಭೃತ್ಯಾಚಾರವಲ್ಲದೆ ಮತ್ತೇನು? ಎತ್ತರದ ಆಸನದಲ್ಲಿ ಕುಳಿತು ಎಲ್ಲರಿಗಿಂತ ಕಡಮೆ ಮಾತನಾಡುವ ವ್ರತ ಅದು. ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿಸಿರುವರು. ಆ ವಾಕ್ಯವನ್ನು ಓದಿ ನಗುವವರು ಈಗ ಬಹಳ ಮಂದಿ. ಶರಣತತ್ತ್ವದ ದೃಷ್ಟಿಯಿಂದ ಅದರಲ್ಲಿ ನಗುವಂಥದು ಯಾವುದೂ ಇಲ್ಲ. ದೇವರ ಕೆಲಸವೆಂದ ಮೇಲೆ ಅದನ್ನು ಒಪ್ಪಿಸುವ ಕೈ ಶುದ್ಧವಿರಬೇಕು, ಅಷ್ಟೆ.

ಆದರೆ ಲೆಕ್ಕ ಸರಿಹೊಂದಿದರೆ ಸಾಕೆ? ಕೂಡಿಸಿ ಕಳೆದು ಮೊತ್ತ ತಾಳೆಯಾದ ಪುಸ್ತಕದಲ್ಲಿಯೂ ಅಧರ್ಮವಿರಬಹುದು. 1960ರ ದಶಕದಲ್ಲಿ ಮೈಸೂರು ರಾಜ್ಯದಲ್ಲಿ ಮಂತ್ರಿಣಿಯಾಗಿದ್ದ ಯಶೋಧರಾ ದಾಸಪ್ಪನವರು, ಸರ್ಕಾರವು ಪಾನನಿರೋಧವನ್ನು ಸಡಿಲಿಸಿದುದನ್ನು ಒಪ್ಪದೆ ಆ ದಶಕದ ಕೊನೆಯಲ್ಲಿ ಪದವಿಯನ್ನೇ ತ್ಯಜಿಸಿದರು. ಹೆಂಡದ ಆದಾಯದಿಂದ ಬೊಕ್ಕಸ ತುಂಬುವುದೆಂಬುದು ಅಂಕಿಗಳಲ್ಲಿ ಸರಿಯಾದ ವಾದ. ಆ ಆದಾಯವು ಯಾವ ಮನೆಯ ಮಡಕೆಯಿಂದ ಬರುವುದೆಂಬುದನ್ನು ಅಂಕಿಗಳು ಹೇಳವು. ನಮ್ಮ ಶರಣಗಣದಲ್ಲಿ ಹೆಂಡದ ಮಾರಯ್ಯನೂ ಉಂಟಲ್ಲವೆ ಎಂದು ಯಾರಾದರೂ ಕೇಳಬಹುದು. ಉಂಟು, ಆದರೆ ಹೆಂಡವೆಂಬ ಮಾತನ್ನು ಅನುಭಾವದ ಸಂಕೇತವಾಗಿ ಮಾರ್ಪಡಿಸಿಕೊಂಡವನು ಅವನು, ಬೊಕ್ಕಸ ತುಂಬಲು ಹೊರಟವನಲ್ಲ. ಸುಂಕದ ಬಂಕಣ್ಣನಂತಹ ಸುಂಕಾಧಿಕಾರಿಗಳೂ ಶರಣರಾದರು. ಸುಂಕವನ್ನು ಎಲ್ಲಿ ಎತ್ತಬೇಕು, ಎಲ್ಲಿ ಎತ್ತಬಾರದೆಂಬ ವಿವೇಕವೇ ಅವರನ್ನು ಬರಿಯ ಸುಂಕದವರಿಂದ ಬೇರೆಮಾಡಿತು. ಲಕ್ಕಮ್ಮನೂ ಅಕ್ಕಿಯ ಅಳತೆಯನ್ನಷ್ಟೇ ನೋಡಲಿಲ್ಲ, ಅದು ಯಾವ ಮನಸ್ಸಿನಿಂದ ಬಂದಿತೆಂದು ಕೇಳಿದಳು.

ಈ ಲೇಖನಕ್ಕೆ ಕಾರಣವಾದ ಪ್ರಶ್ನೆಯೊಂದಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಎನ್. ಬೇಗೂರಿನ ಕಡೆಯ ಗೃಹಸ್ಥರೊಬ್ಬರು ಮಠಕ್ಕೆ ಬಂದಿದ್ದರು. (ಗುಂಡ್ಲುಪೇಟೆಯ ಸೀಮೆಯಲ್ಲಿರುವ ಬೇಗೂರು ಬೇರೆ, ಇದು ಬೇರೆ, ಇದು ಬಂಡೀಪುರದ ಕಾಡಿನ ಅಂಚಿನದು, ಕಪಿಲಾ ಜಲಾಶಯದ ಕಡೆಯದು.) ಅವರು ಹೇಳಿದುದು: "ಸ್ವಾಮಿ, ನಮ್ಮ ಸೊಸೆ ವಾಣಿಜ್ಯ ಓದಿದವಳು, ಲೆಕ್ಕದಲ್ಲಿ ಗಟ್ಟಿಗಳು. ಊರವರು ಪಂಚಾಯಿತಿಗೆ ನಿಲ್ಲಿಸಿ ಅನ್ನುತ್ತಾರೆ. ನಿಲ್ಲಿಸುವುದಕ್ಕೆ ನಮ್ಮ ಅಡ್ಡಿಯಿಲ್ಲ. ಗೆದ್ದರೆ ವ್ಯವಹಾರವನ್ನೆಲ್ಲ ಮಗ ನೋಡಿಕೊಳ್ಳುತ್ತಾನೆ, ಅವಳು ಸಹಿ ಹಾಕಿದರೆ ಆಯಿತು. ಆದರೆ ಅವಳು ಒಪ್ಪುವುದಿಲ್ಲ. ಓದದೆ ಸಹಿ ಹಾಕುವುದಿಲ್ಲ ಅನ್ನುತ್ತಾಳೆ. ಸತಿಪತಿಗಳು ಒಂದೇ ಭಾವದಲ್ಲಿರಬೇಕೆಂದು ಶರಣರು ಹೇಳಿಲ್ಲವೆ? ನೀವು ಒಂದು ಮಾತು ಹೇಳಬೇಕು."

ಅವರು ದುಷ್ಟರಲ್ಲ, ನಿತ್ಯ ಲಿಂಗಪೂಜೆ ಮಾಡುವವರು. ಕೇಳಿದ ಮಾತಿನಲ್ಲಿ ಅಧರ್ಮವಿದೆಯೆಂದು ಅವರಿಗೆ ಹೊಳೆದಿರಲಿಲ್ಲ. ಅವರೊಬ್ಬರ ಮಾತೂ ಅಲ್ಲ ಇದು. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ರಾಜ್ಯವು ನೂರಕ್ಕೆ 25 ಸ್ಥಾನಗಳನ್ನು ಸ್ತ್ರೀಯರಿಗೆ ಕಾದಿರಿಸಿತು. 1993ರ ಸಂವಿಧಾನ ತಿದ್ದುಪಡಿಯಿಂದ ಅದು ಮೂರರಲ್ಲಿ ಒಂದು ಪಾಲಾಯಿತು. 2010ರಲ್ಲಿ ಕರ್ನಾಟಕವು ಅದನ್ನು ಅರ್ಧಕ್ಕೆ ಏರಿಸಿತು. ಹೀಗೆ ಸಾವಿರಾರು ಹೆಣ್ಣುಮಕ್ಕಳು ಪಂಚಾಯಿತಿಯ ಕುರ್ಚಿಗೆ ಬಂದರು. ಅವರಲ್ಲಿ ಸಮರ್ಥರಾಗಿ ನಡೆಸಿದವರು ಬಹಳ ಮಂದಿ. ಆದರೂ 'ಅಧ್ಯಕ್ಷರ ಯಜಮಾನರು' ಎಂಬ, ಯಾವ ಕಾಯ್ದೆಯಲ್ಲಿಯೂ ಇಲ್ಲದ ಪದವಿಯೊಂದು ಹಳ್ಳಿಗಳಲ್ಲಿ ಹುಟ್ಟಿಕೊಂಡುದು ಸುಳ್ಳಲ್ಲ. 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದು ಮಕ್ಕಳು ಆಡುವಾಗ ಹೇಳುವರಲ್ಲ, ಅಧ್ಯಕ್ಷೆಯರ ಸ್ಥಿತಿಯನ್ನು ಕೆಲವೆಡೆ ಹಾಗೆ ಮಾಡಿರುವರು.

ಸತಿಪತಿಗಳ ಏಕಭಾವವೆಂಬುದನ್ನು ಈ ಕಾರ್ಯಕ್ಕೆ ಸಾಕ್ಷಿಯಾಗಿ ಎಳೆದು ತರುವುದು ಶರಣರಿಗೆ ಮಾಡುವ ಅಪಚಾರ. ಆ ಏಕಭಾವವು ಲಿಂಗದಲ್ಲಿ ಕೂಡತಕ್ಕ ಏಕಭಾವ, ಗಂಡನ ಇಚ್ಛೆಯಲ್ಲಿ ಹೆಂಡತಿಯು ಕರಗಿಹೋಗುವುದಲ್ಲ. ಶರಣಸತಿ ಲಿಂಗಪತಿ ಎಂಬ ಭಾವದಲ್ಲಿ ಗಂಡನೂ ಸತಿಯೇ, ಹೆಂಡತಿಯೂ ಸತಿಯೇ, ಪತಿಯು ಲಿಂಗವೊಂದೇ. ಲಕ್ಕಮ್ಮ ಮಾರಯ್ಯರಿಗಿಂತ ಹೆಚ್ಚಾಗಿ ಕೂಡಿ ಬಾಳಿದ ದಂಪತಿಗಳು ನಮ್ಮ ಪರಂಪರೆಯಲ್ಲಿ ಎಷ್ಟಿದ್ದಾರೆ? ಆ ಕೂಟವು ನಿಂತುದು, ಆಕೆ ಗಂಡನು ತಂದುದನ್ನೆಲ್ಲ ಕಣ್ಣುಮುಚ್ಚಿ ಅಡಿಗೆಗೆ ಹಾಕಿದುದರಿಂದಲ್ಲ. ಆ ದಿನ ಆಕೆ ಸುಮ್ಮನಿದ್ದಿದ್ದರೆ ಇಬ್ಬರ ಆಚಾರವೂ ಒಂದೇ ಹೊತ್ತಿಗೆ ಕೆಡುತ್ತಿತ್ತು. ಹಿಂದಕ್ಕೆ ಕಳುಹಿಸಿ ಇಬ್ಬರನ್ನೂ ಉಳಿಸಿಕೊಂಡಳು. ಓದದೆ ಸಹಿ ಹಾಕುವುದಿಲ್ಲವೆನ್ನುವ ಸೊಸೆಯು ಮಾಡುತ್ತಿರುವುದು ಇದಕ್ಕಿಂತ ಬೇರೆಯಲ್ಲವೆಂದು ಆ ಯಜಮಾನರಿಗೆ ಹೇಳಿದೆನು. ನನ್ನ ಮಾತು ಅವರಿಗೆ ಪೂರ್ಣವಾಗಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಆ ಸೀಮೆಯವರಿಗೆ ಲೆಕ್ಕದ ಪುಸ್ತಕವೆಂದರೇನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬೀಚನಹಳ್ಳಿಯ ಬಳಿ ಕಪಿಲೆಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿದಾಗ ಹಳ್ಳಿಗಳೂ ಹೊಲಗಳೂ ನೀರಿನಡಿಗೆ ಹೋದುವು. ಕಾಡಂಚಿನ ಹೊಲಕ್ಕೆ ಆನೆ ನುಗ್ಗಿದ ಮರುದಿನ ರೈತನು ಹೋಗಿ ನಿಲ್ಲುವುದು ಪರಿಹಾರದ ಪಟ್ಟಿ ಬರೆಯುವವರ ಮುಂದೆ. ಹಾಡಿಯ ಜೇನುಕುರುಬನ ಹೆಸರು ಒಂದು ಪಟ್ಟಿಯಲ್ಲಿ ಬಿಟ್ಟುಹೋದರೆ ಅವನ ಮನೆಗೆ ಬರಬೇಕಾದ ಅಕ್ಕಿ ಬರುವುದಿಲ್ಲ. ನಗರದಲ್ಲಿ ಕುಳಿತವರಿಗೆ ಒಂದು ಸಾಲು ಬಿಟ್ಟುಹೋದುದು ಬರವಣಿಗೆಯ ದೋಷ. ಅಲ್ಲಿ ಅದು ಒಲೆಯ ಮೇಲೆ ಏರದ ಮಡಕೆ. ಮನೆಗಂದಾಯ, ನೀರಿನ ಕರ, ಕೂಲಿಯ ಹಾಜರಿ, ಬೀದಿದೀಪದ ಖರ್ಚು, ಇವೆಲ್ಲ ಶುಷ್ಕವಾದ ಬಾಬುಗಳೆಂದು ಕಾಣುವುದು ಅವುಗಳ ಹಿಂದಿರುವ ಮುಖಗಳನ್ನು ನೋಡದವರಿಗೆ. ಪಂಚಾಯಿತಿಯ ವರ್ಷದ ಲೆಕ್ಕವನ್ನು ಊರವರ ಎದುರಿಗೆ ಇಟ್ಟು ಪರಿಶೀಲಿಸುವ ಜಮಾಬಂದಿಯೆಂಬ ಕ್ರಮವನ್ನು ನಮ್ಮ ರಾಜ್ಯದಲ್ಲಿ ಏರ್ಪಡಿಸಿರುವುದು ಸರಿಯಾದ ಕಾರ್ಯವೆಂದೇ ನನ್ನ ಎಣಿಕೆ. ಬಸವಣ್ಣನವರು ಭಂಡಾರದ ಬಾಗಿಲು ತೆರೆದು ನಿಂತುದಕ್ಕೆ ಇದಕ್ಕಿಂತ ಸಮೀಪವಾದ ಅನುಕರಣ ನಮ್ಮ ಕಾಲದಲ್ಲಿ ನನಗೆ ಕಾಣದು. ಆದರೆ ಅಲ್ಲಿಗೆ ಹೋಗಿ ಕೇಳುವವರು ಎಷ್ಟು ಮಂದಿ? ಜಾತ್ರೆಗೆ ಸೇರುವ ಜನರಲ್ಲಿ ನೂರಕ್ಕೆ ಒಬ್ಬರು ಜಮಾಬಂದಿಗೆ ಬಂದರೂ ಸಾಕಾಗಿತ್ತು.

ಹೊರಡುವಾಗ ಆ ಗೃಹಸ್ಥರು ಇನ್ನೊಂದು ಮಾತನ್ನು ಎತ್ತಿದರು. ದಿನವಿಡೀ ಪಂಚಾಯಿತಿಯ ಕಾಗದಗಳ ಮೇಲೆ ಕುಳಿತವಳಿಗೆ ಶಿವಪೂಜೆಗೆ ವೇಳೆಯೆಲ್ಲಿ, ಮನೆಗೆ ಬಂದ ಜಂಗಮರ ಸತ್ಕಾರಕ್ಕೆ ವೇಳೆಯೆಲ್ಲಿ ಎಂದು. ಈ ಆಕ್ಷೇಪಣೆ ಮೊದಲಿನದಕ್ಕಿಂತ ಗೌರವಕ್ಕೆ ಅರ್ಹವಾದುದು. ಪೂಜೆಯನ್ನು ಬಿಟ್ಟು ಕಾಯಕವೊಂದೇ ಸಾಕೆನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಇಷ್ಟಲಿಂಗವನ್ನು ಪೆಟ್ಟಿಗೆಯಲ್ಲಿಟ್ಟು ಕಾಯಕವೇ ಕೈಲಾಸವೆಂದು ಭಾಷಣ ಮಾಡುವವರನ್ನು ಕಂಡಿದ್ದೇನೆ. ಆದರೆ ನುಲಿಯ ಚಂದಯ್ಯನ ಪ್ರಸಂಗವನ್ನು ನೆನೆಯಬೇಕು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬಿದ್ದಿತು. ಚಂದಯ್ಯನು ನಿಲ್ಲಲಿಲ್ಲ, ಹುಲ್ಲಿನ ಹೊರೆಯನ್ನು ಹೊತ್ತು ಹಗ್ಗ ಹೊಸೆಯಲು ಹೊರಟನು. ಲಿಂಗವೇ ಅವನ ಹಿಂದೆ ಬಂದಿತೆಂದೂ, ಮಡಿವಾಳ ಮಾಚಯ್ಯನು ನಡುವೆ ಬಂದು ಮಾತನಾಡಿದ ಮೇಲೆ, ಹೊಸೆದ ಹಗ್ಗವನ್ನು ಮಾರಿ ತರುವ ಕಾಯಕವನ್ನು ಲಿಂಗವೂ ಕೈಕೊಂಡಿತೆಂದೂ ಹೇಳುವರು. ಗುರುವಾದರೂ ಲಿಂಗವಾದರೂ ಕಾಯಕದಿಂದ ಬಿಡುಗಡೆಯಿಲ್ಲವೆಂಬುದು ಅಲ್ಲಿಯ ಹಟ.

ಸೊಸೆಯು ಬೆಳಗಿನ ಪೂಜೆಯನ್ನು ಮುಗಿಸಿ ಪುಸ್ತಕ ತೆರೆಯಲಿ. ಆ ಹೊತ್ತಿನಲ್ಲಿ ನೀರು ತರುವುದು, ಹೂ ಬಿಡಿಸುವುದು, ಮಗುವನ್ನು ಪಾಠಶಾಲೆಗೆ ಕಳುಹಿಸುವುದು ಇವುಗಳಲ್ಲಿ ಒಂದೆರಡನ್ನು ಮಗನು ವಹಿಸಿಕೊಳ್ಳಲಿ ಎಂದು ಯಜಮಾನರಿಗೆ ಹೇಳಿದೆನು. ಹೊಸೆದ ಹಗ್ಗವನ್ನು ಪೇಟೆಗೆ ಒಯ್ಯಲು ಲಿಂಗವೇ ಒಪ್ಪಿಕೊಂಡಿರುವಾಗ, ಒಂದು ಕೊಡ ನೀರು ತರಲು ಮಗನು ಒಪ್ಪನೆ?